ಮುನ್ನೂರ ಎಂಟನೇ ಕಟ್ಟು

ಎರಡನೇ ಬಂದರು
5 ಫೆಬ್ರವರಿ

ಅಮ್ಮಾ,

ಮೊದಲು ಒಳ್ಳೆ ಸುದ್ದಿ ಕೇಳು: ವಾಂತಿ ನಿಂತಿದೆ. ಹನ್ನೊಂದು ದಿನ ಹಡಗಿನ ಕಂಬಿ ಹಿಡ್ಕೊಂಡು, ಇನ್ನೇನು ಕರುಳೇ ಹೊರಗೆ ಬರುತ್ತೆ ಅಂತ ನಿಂತಿದ್ದವಳು, ಈಗ ಮೂರು ಹೊತ್ತೂ ಎರಡೆರಡು ತಟ್ಟೆ ಬಾರಿಸ್ತಿದೀನಿ. ಅಡುಗೆಯವನು ನನ್ನ ತಲೆ ಕಂಡ ಕೂಡ್ಲೇ ಪಾತ್ರೆ ಮೇಲೆ ಮುಚ್ಚಳ ಹಾಕ್ತಾನೆ.

ತರಬೇತಿಗೆ ಬಂದವರು ನಾವು ಇಪ್ಪತ್ನಾಲ್ಕು ಜನ, ಒಂಬತ್ತು ಭಾಷೆ. ಎಲ್ಲರಿಗೂ ಹದಿನಾರೋ ಹದಿನೇಳೋ. ನನ್ನ ಕೆಳಗಿನ ಹಾಸಿಗೆಯವಳ ಗೊರಕೆಗೆ ಗೋಡೆ ಅದುರುತ್ತೆ, ಅದಕ್ಕೇ ಅವಳಿಗೆ ‘ಗೊರಕೆ ರಾಣಿ’ ಅಂತ ಹೆಸರಿಟ್ಟಿದೀನಿ. ಅರ್ಥ ಹೇಳಿಲ್ಲ. ಅವಳು ಏನೋ ದೊಡ್ಡ ಬಿರುದು ಅಂದ್ಕೊಂಡು ಎಲ್ಲರ ಹತ್ರ ಹೇಳ್ಕೊಂಡು ತಿರುಗ್ತಾಳೆ. ಪಾಪ, ಒಳ್ಳೆಯವಳು. ವಾಂತಿ ಮಾಡುವಾಗ ನನ್ನ ಜಡೆ ಹಿಡ್ಕೊಂಡು ನಿಂತವಳು ಅವಳೇ. ಈಗ ನಾಲ್ಕು ಭಾಷೇಲಿ ಚೌಕಾಸಿ ಮಾಡೋದು, ಆರು ಭಾಷೇಲಿ ಕ್ಷಮೆ ಕೇಳೋದು ಕಲ್ತಿದೀನಿ.

ಬೆಳಗ್ಗೆ ನಕ್ಷತ್ರದ ಲೆಕ್ಕ, ಮಧ್ಯಾಹ್ನ ನೀರಿನ ಆಳ ಅಳೆಯೋ ಪಾಠ. ಸಮುದ್ರದ ತಳದ ನಕ್ಷೆ ಮುಕ್ಕಾಲು ಪಾಲು ಇನ್ನೂ ಸರಿಯಾಗಿ ಆಗೇ ಇಲ್ವಂತೆ ಅಮ್ಮಾ! ಅದರಲ್ಲಿ ಒಂದು ಅಂಗೈಯಗಲ ಆದ್ರೂ ನಾನು ಬರೀತೀನಿ, ನೋಡ್ತಿರು. ಆದರೆ ಮೇಲಿನ ನಕ್ಷೆ ಕೋಣೆಗೆ ಆರೇ ಜನರನ್ನ ತಗೊಳ್ಳೋದು. ನಾಲ್ಕನೇ ಬಂದರು ಮುಟ್ಟೋದರೊಳಗೆ ಹಾಯಿಕಂಬದ ತುದಿಗೆ ಇಪ್ಪತ್ತು ಸಲ ಹತ್ತಿ ಇಳಿದವರಿಗೆ ಮಾತ್ರ. ಏಳು ಮಹಡಿ ಎತ್ತರ. ಹೆದರಿಕೆ ಇಲ್ಲ ಅಂದ್ರೆ ಸುಳ್ಳಾಗುತ್ತೆ. ಆದರೆ ನೀನಿದೀಯಲ್ಲ!

ಏನು ಅಂತೀಯಾ? ನಿನ್ನೆ ನಮಗೆಲ್ಲ ಹೊಸ ಸೇಫ್ಟಿ ಬೆಲ್ಟ್ ಕೊಟ್ರು. ನಿನ್ನ ಫ್ಯಾಕ್ಟರಿದು. ಅದೇ, ಈ ಹಡಗಿನವರು ಆರ್ಡರ್ ಕೊಡೋಕೆ ಬಂದಾಗ ಬಿಟ್ಟುಹೋದ ಪೋಸ್ಟರ್ ನೋಡಿ ತಾನೇ ನಾನು ಅರ್ಜಿ ಹಾಕಿದ್ದು? ಬಟ್ಟೆ ಚೀಟಿ ತಿರುಗಿಸಿ ನೋಡಿದ್ರೆ ಹದಿನಾಲ್ಕನೇ ನಂಬರಿನ ಪರೀಕ್ಷಕಿಯ ಮೊಹರು! ನಿನ್ನದು! ನಮ್ಮ ಇಪ್ಪತ್ನಾಲ್ಕೂ ಬೆಲ್ಟು ಒಂದೇ ಕಟ್ಟಿನವು, ಮುನ್ನೂರ ಎಂಟು. ಯಾರಿಗೂ ಹೇಳಿಲ್ಲ, ಅಮ್ಮನ ಜಂಬ ಕೊಚ್ತಾಳೆ ಅಂತಾರೆ. ಆದರೆ ಮೇಲೆ ಹತ್ತುವಾಗ ಆ ಚೀಟಿ ಒಂದ್ಸಲ ಮುಟ್ಟಿ ಹತ್ತುತೀನಿ.

ಫೋನೆಲ್ಲ ಕ್ಯಾಪ್ಟನ್ ಪೆಟ್ಟಿಗೇಲಿ ಬೀಗ ಹಾಕಿದೆ. ವರ್ಷ ಪೂರ್ತಿ ಕಾಗದವೇ ಗತಿ. ತುರ್ತಿದ್ರೆ ಮಾತ್ರ ಕಂಪನಿ ಆಫೀಸಿಗೆ ಹೇಳಿ, ಅವರು ರೇಡಿಯೋದಲ್ಲಿ ತಿಳಿಸ್ತಾರೆ. ನೀವು ಮೂರನೇ ಬಂದರಿನ ವಿಳಾಸಕ್ಕೆ ಬರೀರಿ.

ನಿನ್ನ ಕೋತಿಮರಿ


16 ಫೆಬ್ರವರಿ

ನನ್ನ ಕೋತಿಮರಿಗೆ,

ನಿನ್ನ ಕಾಗದ ನಿನ್ನೆ ಬಂತು. ನಿಮ್ಮಪ್ಪ ಸಲೂನಿನ ಎರಡು ಕನ್ನಡಿ ಮಧ್ಯೆ ಭೂಪಟ ಅಂಟಿಸಿದಾರೆ. ಗಿರಾಕಿಯ ಅರ್ಧ ಗಡ್ಡ ಬೋಳಿಸಿ, ಅಲ್ಲೇ ನಿಲ್ಲಿಸಿ, ಹಡಗು ಎಲ್ಲಿದೆ ಅಂತ ಕತ್ತಿಯಲ್ಲೇ ತೋರಿಸ್ತಾರೆ. ಗಿರಾಕಿಗಳು ಕಮಕ್ ಕಿಮಕ್ ಅನ್ನದೆ ಕೇಳ್ತಾರೆ, ಕತ್ತಿ ಕೈಯಲ್ಲಿದೆಯಲ್ಲ.

ನೀನು ಚೆನ್ನಾಗಿ ತಿಂತಿದೀಯ ಅಂತ ಸಂತೋಷ.

ಒಂದು ಮಾತು. ಕಂಬ ಹತ್ತಬೇಡ. ತಲೆ ಸುತ್ತುತ್ತೆ ಅಂತ ಹೇಳಿಬಿಡು. ಹನ್ನೊಂದು ದಿನ ವಾಂತಿ ಮಾಡಿದವಳ ಮಾತನ್ನ ಯಾರು ನಂಬಲ್ಲ? ನಕ್ಷೆ ಕೋಣೆ ಈ ವರ್ಷ ಇಲ್ಲದಿದ್ರೆ ಮುಂದಿನ ವರ್ಷ. ಸಮುದ್ರದ ತಳ ಎಲ್ಲೂ ಓಡಿಹೋಗಲ್ಲ.

ಕಾರಣ ಕೇಳಬೇಡ. ತಾಯಿ ಅಂದ್ಮೇಲೆ ಹೆದರಿಕೆ ಇರುತ್ತೆ, ಅಷ್ಟೇ ಅಂದ್ಕೋ. ಹೇಳಿದ ಮಾತು ಕೇಳು, ನನ್ನ ಬಂಗಾರ.

ಅಮ್ಮ


18 ಫೆಬ್ರವರಿ

ಮಗಳೇ,

ಮೊನ್ನೆ ಬರೆದದ್ದು ಸಾಲದು ಅನ್ನಿಸ್ತು. ನೀನು ಹಟಮಾರಿ, ಹತ್ತೇ ಹತ್ತುತೀಯ. ಹಾಗೇನಾದ್ರೂ ಹತ್ತೋದಾದ್ರೆ ಆ ಬೆಲ್ಟ್ ಹಾಕ್ಕೋಬೇಡ. ಹಡಗಲ್ಲಿ ಹಳೇ ಬೆಲ್ಟು ಇದ್ದೇ ಇರುತ್ತೆ. ದೊಡ್ಡವರದ್ದು ಯಾರದಾದ್ರೂ ಕೇಳಿ ಈಸ್ಕೋ, ನಿನ್ನದನ್ನ ಅವರಿಗೆ ಕೊಡು. ಸೊಂಟಕ್ಕೆ ಒತ್ತುತ್ತೆ ಅಂತ ಹೇಳು.

ಈ ಕಾಗದ ಓದಿ ಹರಿದು ಹಾಕು. ನಿಮ್ಮಪ್ಪನಿಗೆ ಬರೆಯೋ ಕಾಗದದಲ್ಲಿ ಇದರ ಸುದ್ದಿ ಎತ್ತಬೇಡ.

ಅಮ್ಮ


ಮೂರನೇ ಬಂದರು
6 ಮಾರ್ಚ್

ಅಮ್ಮಾ,

ನಿನ್ನ ಎರಡೂ ಕಾಗದ ಒಟ್ಟಿಗೆ ಸಿಕ್ಕವು. ಮೊದಲನೆಯದನ್ನ ಓದಿ ನಕ್ಕೆ. ಎರಡನೆಯದನ್ನ ಓದಿದ ಮೇಲೆ ಎದ್ದು ಹೋಗಿ ಬೆಲ್ಟಿನ ಚೀಟಿ ಮತ್ತೆ ತಿರುಗಿಸಿ ನೋಡಿದೆ.

ನನ್ನದನ್ನ ಬೇರೆಯವರಿಗೆ ಕೊಡು ಅಂತೀಯಲ್ಲ, ಯಾರಿಗೆ ಕೊಡ್ಲಿ? ಹೆಸರು ಹೇಳು. ಗೊರಕೆ ರಾಣಿಗೆ ಕೊಡ್ಲಾ? ಅವಳಿಗೂ ಅಮ್ಮ ಇದಾಳೆ. ವಾರಕ್ಕೆರಡು ಕಾಗದ ಬರೀತಾಳೆ, ಇವಳು ಅದನ್ನ ಓದಿ ಓದಿ ನನಗೂ ಅನುವಾದ ಮಾಡಿ ಹೇಳ್ತಾಳೆ. ಹಳೇ ಬೆಲ್ಟೆಲ್ಲ ಎರಡನೇ ಬಂದರಲ್ಲೇ ಸುಟ್ಟು ಹಾಕಿದ್ರು, ಅದು ನಿಯಮವಂತೆ. ಎಲ್ಲರದೂ ಮುನ್ನೂರ ಎಂಟೇ ಅಂತ ಬರೆದಿದ್ದೆನಲ್ಲ, ಓದಿಲ್ವಾ?

ನೀನೇನೋ ಮುಚ್ಚಿಡ್ತಿದೀಯ. ಚಿಕ್ಕವಳಿದ್ದಾಗ ಇಂಜೆಕ್ಷನ್‌ಗೆ ಕರ್ಕೊಂಡು ಹೋಗುವಾಗಲೂ ಹೀಗೇ ಸಿಹಿಯಾಗಿ ಮಾತಾಡ್ತಿದ್ದೆ. ಬೆಲ್ಟಿಗೆ ಏನಾಗಿದೆ?

ನಾನು ಒಂಬತ್ತು ಸಲ ಹತ್ತಿದ್ದೆ. ನಿನ್ನೆ ಹತ್ತನೆಯದು. ಅರ್ಧಕ್ಕೆ ಹೋಗಿ ನಿಂತುಬಿಟ್ಟೆ. ಕೆಳಗಿಂದ ಎಲ್ಲರೂ ಕೂಗ್ತಿದ್ರು, ನಾನು ಹೊಲಿಗೆ ನೋಡ್ತಾ ನಿಂತಿದ್ದೆ. ನೋಡೋಕೆ ಚೆನ್ನಾಗೇ ಇತ್ತು. ಆಮೇಲೆ ಹತ್ತಿದೆ. ಕ್ಯಾಪ್ಟನ್‌ಗೆ ಹೇಳೋಣ ಅಂದ್ರೆ ಏನಂತ ಹೇಳ್ಲಿ, ನಮ್ಮಮ್ಮ ಹೆದರಿದಾಳೆ ಅಂತಲಾ? ಹೇಳಿದ್ರೆ ನಿನಗೆ ಏನಾಗುತ್ತೆ? ಅದೂ ಗೊತ್ತಿಲ್ಲ.

ನಾಡಿದ್ದು ಹೊರಡ್ತೀವಿ. ನಾಲ್ಕನೇ ಬಂದರು ಮುಟ್ಟೋಕೆ ಹತ್ತೊಂಬತ್ತು ದಿನ. ಅಲ್ಲಿಗೆ ನಿಜ ಬರಿ. ಪೂರ್ತಿ ನಿಜ.

ನಿನ್ನ ಮಗಳು


15 ಮಾರ್ಚ್

ಮಗಳೇ,

ನಿನ್ನ ಕಾಗದ ನಿನ್ನೆ ಬಂತು. ಪೂರ್ತಿ ನಿಜ ಕೇಳಿದೀಯ, ತಗೋ.

ನಮ್ಮಲ್ಲಿ ಕೆಲಸ ಹೇಗೆ ಅಂತ ನಿನಗೆ ಗೊತ್ತು. ಇಪ್ಪತ್ತೈದು ಬೆಲ್ಟು ಹೊಲಿದ ಮೇಲೆ ಒಂದು ಕಟ್ಟು. ಒಂದೊಂದರ ಹೊಲಿಗೆ ಮೇಲೂ ನಾನು ಹೆಬ್ಬೆರಳು ಆಡಿಸಬೇಕು. ಮೂರನ್ನ ಆರಿಸಿ, ಕೊಕ್ಕೆಗೆ ಹಾಕಿ, ಒಂದು ಕ್ವಿಂಟಾಲ್ ಮರಳಿನ ಮೂಟೆ ನೇತುಹಾಕಿ ಐದು ನಿಮಿಷ ನೋಡಬೇಕು. ಅದೆಲ್ಲ ಆದ ಮೇಲೆ ಚೀಟಿಗೆ ಮೊಹರು.

ನಿನ್ನ ಹಡಗಿನ ಸಂದರ್ಶನ ಇತ್ತಲ್ಲ, ಆವತ್ತು. ನಿನ್ನ ಪಾಸ್‌ಪೋರ್ಟಿಗೆ ಒಂದು ದಿನ, ಡಾಕ್ಟರ್ ಪರೀಕ್ಷೆಗೆ ಒಂದು ದಿನ ಅಂತ ಆ ತಿಂಗಳು ಆಗಲೇ ರಜೆ ತಗೊಂಡಿದ್ದೆ. ಮೂರನೆಯದನ್ನ ಕೇಳೋಕೆ ಮುಖ ಇರಲಿಲ್ಲ. ಬೆಳಗ್ಗೆ ಹೋದವಳೇ ಇಪ್ಪತ್ತೈದು ಖಾಲಿ ಚೀಟಿಗೆ ಟಪಟಪ ಮೊಹರು ಒತ್ತಿ ಮೇಜಿನ ಮೇಲಿಟ್ಟು, ಹಿಂಬಾಗಿಲಿಂದ ಬಂದು ನಿನ್ನ ಕರ್ಕೊಂಡು ಹೋದೆ. ಬೆಲ್ಟು ಆಗ ಇನ್ನೂ ಹುಟ್ಟೇ ಇರಲಿಲ್ಲ. ನನ್ನ ಮೊಹರು ಅದಕ್ಕಿಂತ ಮುಂಚೆ ಹುಟ್ಟಿತ್ತು.

ಅಷ್ಟೇ ಆಗಿದ್ರೆ ನುಂಗ್ಕೊಂಡಿರ್ತಿದ್ದೆ. ಮಾರನೇ ದಿನ ಹೋಗಿ ನೋಡಿದ್ರೆ ಕಟ್ಟು ಆಗಲೇ ಪೆಟ್ಟಿಗೆ ಸೇರಿತ್ತು, ಮಷೀನಿನ ಮೇಲೆ ಸ್ಕೂಲ್ ಬ್ಯಾಗಿಗೆ ಹಾಕೋ ಎರಡೆಳೆ ದಾರದ ರೀಲು ಕೂತಿತ್ತು. ಬೆಲ್ಟಿಗೆ ಮೂರೆಳೆ ಬೇಕು. ಬಣ್ಣ ಎರಡೂ ಒಂದೇ. ಕಣ್ಣಿಗೆ ತಿಳಿಯಲ್ಲ, ಬೆರಳಿಗೇ ತಿಳಿಯಬೇಕು. ರೀಲು ಯಾವಾಗ ಬದಲಾಯ್ತು ಅಂತ ಯಾರನ್ನೂ ಕೇಳಲಿಲ್ಲ. ಕೇಳಿದ್ರೆ ನೀನೆಲ್ಲಿದ್ದೆ ಅನ್ನೋ ಪ್ರಶ್ನೆ ಬರುತ್ತೆ. ಸದ್ದಿಲ್ಲದೆ ರೀಲು ಬದಲಾಯಿಸಿ, ಕಟ್ಟು ಮುಗಿದ ಮೇಲೇ ಯಾರೋ ಇದನ್ನ ಹಾಕಿರಬೇಕು ಅಂತ ನನಗೆ ನಾನೇ ಹೇಳ್ಕೊಂಡೆ. ಹೇಳ್ಕೊಂಡು ಹೇಳ್ಕೊಂಡು ನಂಬಿಯೂ ಬಿಟ್ಟೆ. ನಿನ್ನ ಕಾಗದದಲ್ಲಿ ಮುನ್ನೂರ ಎಂಟು ಅಂತ ಓದುವವರೆಗೆ.

ಬೆಲ್ಟಿನ ಒಳಮಡಿಕೆಯಲ್ಲಿ ದಾರದ ತುದಿ ಇರುತ್ತೆ. ಉಗುರಲ್ಲಿ ಬಿಡಿಸಿ ಎಣಿಸು. ಮೂರೆಳೆ ಇದ್ರೆ ಸರಿ. ಎರಡೇ ಇದ್ರೆ ಅದನ್ನ ಯಾರೂ ತೊಡಬಾರದು.

ಇದನ್ನ ಬರೆಯುವಾಗಲೇ ಗೊತ್ತು, ಈ ಕಾಗದ ನಿನಗೆ ಸಿಗೋದು ಹನ್ನೆರಡು ದಿನ ಆದ ಮೇಲೆ. ಅಲ್ಲಿವರೆಗೆ ನೀವು ಹತ್ತುತ್ತಾ ಇರ್ತೀರ. ಫ್ಯಾಕ್ಟರಿ ಆಫೀಸಿನ ಮೇಜಿನ ಮೇಲೆ ಫೋನ್ ಇದೆ. ನಿನ್ನ ಹಡಗಿನ ಕಂಪನಿ ನಂಬರು ನನಗೆ ಈಗ ಬಾಯಿಪಾಠ. ನಿನ್ನ ಮೊದಲ ಕಾಗದ ಬಂದಾಗಿನಿಂದ ಮೂರು ಸಲ ಎತ್ತಿ ಮೂರು ಸಲ ಇಟ್ಟೆ. ಫೋನ್ ಮಾಡಿದ್ರೆ ಹೆಸರು ಕೇಳ್ತಾರೆ, ಕಾಗದಕ್ಕೆ ಯಾರೂ ಏನೂ ಕೇಳಲ್ಲ. ಅದಕ್ಕೇ ಕಾಗದ ಬರೆದೆ, ಮಗಳೇ. ಬಿಸಿ ತುಪ್ಪ ಬಾಯಿಗೆ ಹಾಕ್ಕೊಂಡವಳ ಹಾಗೆ ಒಂದು ತಿಂಗಳು ಕೂತೆ. ಇಪ್ಪತ್ತೆರಡು ವರ್ಷದ ಕೆಲಸ. ಪೊಲೀಸು, ಕೋರ್ಟು. ‘ಅವಳ ಮಗಳು’ ಅಂತ ನಿನ್ನನ್ನೂ ಹಡಗಿಂದ ಇಳಿಸಿದ್ರೆ? ಎಲ್ಲ ಹೆದರಿಕೆಯೂ ಒಂದರ ಹಿಂದೊಂದು ಬಂತು. ಆದರೆ ಬೇರೆಯವರ ಮಕ್ಕಳ ನೆನಪು ಬಂದದ್ದು ನೀನು ‘ಯಾರಿಗೆ ಕೊಡ್ಲಿ’ ಅಂತ ಕೇಳಿದ ಮೇಲೆ. ಇದನ್ನ ಬರೆಯೋಕೆ ನಾಚಿಕೆ ಆಗ್ತಿದೆ.

ಈಗ ತಾನೇ ನಿಮ್ಮಪ್ಪನಿಗೆ ಹೇಳಿದೆ. ಬೈತಾರೆ ಅಂದ್ಕೊಂಡೆ. ಬೈಲಿಲ್ಲ. ಅಂಗಡಿ ಬಾಗಿಲು ಎಳೆದುಬಿಟ್ಟು ಬಂದು, “ನಡಿ, ನಾನೂ ಬರ್ತೀನಿ” ಅಂದ್ರು. ಇವತ್ತು ಭಾನುವಾರ, ಹಡಗಿನ ಕಂಪನಿಗೂ ರಜೆ, ನಮ್ಮ ಫ್ಯಾಕ್ಟರಿ ಆಫೀಸಿಗೂ ಬೀಗ. ನಾಳೆ ಬಾಗಿಲು ತೆಗೆಯೋ ಹೊತ್ತಿಗೆ ಅಲ್ಲಿರ್ತೀವಿ.

ಅಮ್ಮ


16 ಮಾರ್ಚ್, ಬೆಳಿಗ್ಗೆ ಹತ್ತೂವರೆ

ಮೇಲ್ವಿಚಾರಕರಿಗೆ,

ಬಾಯಲ್ಲಿ ಹೇಳಿದ್ದು ಸಾಲದು, ಬರೆದು ಕೊಡು ಎಂದಿರಿ. ಬರೆದು ಕೊಡುತ್ತಿದ್ದೇನೆ.

ಕಟ್ಟು ಮುನ್ನೂರ ಎಂಟರ ಒಂದು ಬೆಲ್ಟನ್ನೂ ನಾನು ಪರೀಕ್ಷೆ ಮಾಡಿಲ್ಲ. ಹೊಲಿಯುವ ಮೊದಲೇ ಚೀಟಿಗೆ ಮೊಹರು ಒತ್ತಿದ್ದೆ. ಮರುದಿನ ತೆಳು ದಾರ ಕಂಡರೂ ಯಾರಿಗೂ ತಿಳಿಸಲಿಲ್ಲ. ತಪ್ಪು ನನ್ನೊಬ್ಬಳದು. ಮಷೀನಿನಲ್ಲಿ ಕೂತಿದ್ದವರನ್ನು ದಯವಿಟ್ಟು ಇದಕ್ಕೆ ಎಳೆಯಬೇಡಿ.

ಹಡಗಿನ ಕಂಪನಿಗೆ ನಿಮ್ಮ ಮೇಜಿನಿಂದಲೇ ಒಂಬತ್ತು ಗಂಟೆಗೆ ಫೋನ್ ಮಾಡಿದೆ. ನಿಮ್ಮನ್ನು ಕೇಳದೆ ಮಾಡಿದ್ದಕ್ಕೆ ಕ್ಷಮೆ ಇರಲಿ. ಹಡಗಿರುವ ಕಡೆ ಬಿರುಗಾಳಿ, ರೇಡಿಯೋ ಸಿಗುತ್ತಿಲ್ಲ, ಪ್ರಯತ್ನ ಮಾಡುತ್ತೇವೆ ಎಂದಿದ್ದಾರೆ. ಅಮ್ಮಾವ್ರೇ, ನಾನು ಹೇಳಿದರೆ ಒಂದು ತೂಕ, ನೀವು ಹೇಳಿದರೆ ಇನ್ನೊಂದು ತೂಕ. ಇದನ್ನು ಓದುವುದನ್ನು ಇಲ್ಲಿಗೇ ನಿಲ್ಲಿಸಿ, ನೀವೂ ಒಮ್ಮೆ ಫೋನ್ ಮಾಡಿ. ನನ್ನನ್ನು ಏನು ಮಾಡಬೇಕೆಂದು ಆಮೇಲೆ ಯೋಚಿಸಿ.

ಪರೀಕ್ಷಕಿ, ನಂಬರ್ ಹದಿನಾಲ್ಕು


20 ಮಾರ್ಚ್

ಮಗಳೇ,

ನನ್ನ ಕೆಲಸ ಹೋಯ್ತು. ಅದಿರಲಿ.

ಹಡಗಿಗೆ ಸುದ್ದಿ ತಲುಪಿದ್ದು ಹದಿನೇಳನೇ ತಾರೀಖು ಮಧ್ಯಾಹ್ನವಂತೆ. ನಾನು ಹೇಳಿ ಒಂದು ದಿನದ ಮೇಲೆ ಆದ ಮೇಲೆ! ಎಲ್ಲರೂ ಕ್ಷೇಮವಾಗಿದಾರಾ ಅಂತ ಕೇಳಿದೆ. “ಅದನ್ನ ನಿಮಗೆ ಹೇಳೋ ಹಾಗಿಲ್ಲ” ಅಂದ್ರು. ನಾನೂ ಒಬ್ಬ ಹುಡುಗಿಯ ತಾಯಿ ಅಂದೆ. ಯಾವ ಹುಡುಗಿ ಅಂದ್ರು. ನಿನ್ನ ಹೆಸರು ಹೇಳಿದ್ರೆ ನಿನಗೆ ಏನು ತೊಂದ್ರೆಯೋ ಅಂತ ಫೋನ್ ಇಟ್ಟುಬಿಟ್ಟೆ.

ಈಗ ಹೊರಗೆ ಸೈಕಲ್ ಗಂಟೆ ಆದ್ರೂ ಜೀವ ಬಾಯಿಗೆ ಬರುತ್ತೆ. ಅನ್ನ ಇಳೀತಿಲ್ಲ. ನಿಮ್ಮಪ್ಪ ಇವತ್ತು ಒಬ್ಬರ ಮೀಸೆನೇ ಬೋಳಿಸಿಬಿಟ್ರು, ಅವರು ಕೇಳಿದ್ದು ಬರೀ ಟ್ರಿಮ್ಮು. ಒಂದೇ ಒಂದು ಸಾಲು ಬರಿ. ಬೈದು ಬರಿ, ಪರವಾಗಿಲ್ಲ.

ಅಮ್ಮ


ನಾಲ್ಕನೇ ಬಂದರು
27 ಮಾರ್ಚ್

ಅಮ್ಮಾ,

ಎಲ್ಲರೂ ಬದುಕಿದೀವಿ. ಮೊದಲು ಅದನ್ನ ಓದು, ಒಂದು ಲೋಟ ನೀರು ಕುಡಿ, ಆಮೇಲೆ ಮುಂದೆ ಓದು.

ಹದಿನೇಳರ ಬೆಳಗ್ಗೆ ಗಾಳಿ ನಿಂತಿತ್ತು. ಹರಿದ ಹಾಯಿ ಬಿಚ್ಚೋಕೆ ಗೊರಕೆ ರಾಣಿ, ನಾನು, ಇನ್ನೂ ನಾಲ್ಕು ಜನ ತುದಿಗೆ ಹತ್ತಿ, ಮೂರು ಗಂಟೆ ಅಲ್ಲೇ ಬೆಲ್ಟಿಗೆ ಭಾರ ಬಿಟ್ಟು ಕೆಲಸ ಮಾಡಿ ಇಳಿದಿದ್ವಿ. ಊಟ ಆಗ್ತಿದ್ದ ಹಾಗೇ ಕ್ಯಾಪ್ಟನ್ ಬಂದು ಬೆಲ್ಟೆಲ್ಲ ತಂದು ಹಾಕಿ ಅಂದ್ರು. ಮುಖ ಸುಣ್ಣ ಬಳಿದ ಹಾಗಿತ್ತು.

ಹಿಟ್ಟಿನ ಮೂಟೆಗಳನ್ನ ಸೇರಿಸಿ ಕಟ್ಟಿ, ಒಂದೊಂದೇ ಬೆಲ್ಟಿಗೆ ನೇತುಹಾಕಿದ್ರು. ನಮ್ಮೆಲ್ಲರ ಎದುರಿಗೇ. ಒಂದೊಂದಕ್ಕೂ ಐದು ನಿಮಿಷ. ನನ್ನದು ತಡೀತು. ಏಳು ಬೆಲ್ಟು ತಡೀಲಿಲ್ಲ. ಅದರಲ್ಲಿ ಆರು ನಿಧಾನಕ್ಕೆ, ಟಕ್ ಟಕ್ ಅಂತ ಒಂದೊಂದೇ ಹೊಲಿಗೆ ಬಿಟ್ಟವು. ಗೊರಕೆ ರಾಣಿದು ಮಾತ್ರ ಮೂರು ಎಣಿಸೋದರೊಳಗೆ ಪರ್ರ್ ಅಂತ ಹರಿದು, ಮೂಟೆ ಬಿದ್ದು, ಹಿಟ್ಟೆಲ್ಲ ಅವಳ ಕಾಲ ಮೇಲೆ ಚೆಲ್ಲಿತು. ಅವಳು ಕಿರುಚಲಿಲ್ಲ. ಹಿಟ್ಟನ್ನೇ ನೋಡ್ತಾ ನಿಂತಳು. ಆಮೇಲೆ ಅಲ್ಲೇ ಕೂತು ನಡುಗೋಕೆ ಶುರು ಮಾಡಿದಳು, ನಾವು ಮೂರು ಜನ ಹಿಡ್ಕೊಂಡ್ರೂ ನಿಲ್ಲಲಿಲ್ಲ.

ಎಲ್ಲರೂ ಚೀಟಿ ನೋಡಿದ್ರು. ಯಾರು ಈ ಹದಿನಾಲ್ಕು, ಕೈಗೆ ಸಿಗಲಿ ಅಂತ ಒಂಬತ್ತು ಭಾಷೇಲಿ ಬೈದ್ರು. ಗೊರಕೆ ರಾಣಿ ನನ್ನ ಕಡೆ ತಿರುಗಿ, ನಿನಗೇನನ್ನಿಸುತ್ತೆ, ಎಂಥವರು ಹೀಗೆ ಮಾಡ್ತಾರೆ ಅಂತ ಕೇಳಿದಳು.

“ಯಾರೋ ಸೋಮಾರಿ ಇರಬೇಕು” ಅಂದೆ.

ನಿನ್ನನ್ನ ಅಂದೆ ಅಮ್ಮಾ. ಇಪ್ಪತ್ತೆರಡು ವರ್ಷ ಬೆರಳು ಸವೆಸಿದವಳನ್ನ. ಅದೂ ಅಲ್ದೆ, ಮೂರನೇ ಬಂದರಲ್ಲೇ ನನಗೆ ಅನುಮಾನ ಬಂದಿತ್ತು. ನಾನೂ ಬಾಯಿ ಬಿಡಲಿಲ್ಲ. ಹದಿನೇಳರ ಬೆಳಗ್ಗೆ ಅವಳು ಮೇಲೆ ಹತ್ತುವಾಗ ಹಿಂದೇನೇ ನಾನಿದ್ದೆ, ನೋಡ್ತಿದ್ದೆ, ಸುಮ್ಮನಿದ್ದೆ. ಇವತ್ತು ನಿನ್ನ ಕಾಗದ ಓದಿ ಗೊತ್ತಾಯ್ತು, ನಾನು ನಿನ್ನ ಮಗಳೇ.

ಬೇರೆ ಕಂಪನಿಯಿಂದ ಹೊಸ ಬೆಲ್ಟು ಬರೋವರೆಗೂ ಹಡಗು ಇಲ್ಲೇ. ಏನು ಮಾಡ್ಲಿ ಹೇಳು. ಹೇಳಿದ್ರೆ ಇಳಿಸ್ತಾರೆ. ಹೇಳದಿದ್ರೆ ಅವಳು ದಿನಾ ನನ್ನ ಕೆಳಗೇ ಮಲಗ್ತಾಳೆ. ಈಗ ಗೊರಕೆಯೂ ಇಲ್ಲ. ನಿದ್ದೆಯೇ ಬರ್ತಿಲ್ಲ ಅವಳಿಗೆ.

ನಿನ್ನ ಮಗಳು


6 ಏಪ್ರಿಲ್

ನನ್ನ ಕಂದಾ,

ಬದುಕಿದೀವಿ ಅನ್ನೋ ಸಾಲನ್ನ ನಿಮ್ಮಪ್ಪ ಗಟ್ಟಿಯಾಗಿ ಓದಿದ್ರು. ಇಬ್ಬರೂ ಅಡುಗೆಮನೆ ನೆಲದ ಮೇಲೆ ಕೂತು ಅತ್ತೆವು. ನೀರೂ ಕುಡಿದೆ.

ಸೋಮಾರಿ ಅಂದದ್ದಕ್ಕೆ ಕೊರಗಬೇಡ. ಅದಕ್ಕಿಂತ ಕೆಟ್ಟದ್ದನ್ನ ನನಗೆ ನಾನೇ ಅಂದ್ಕೊಂಡಿದೀನಿ.

ಏನು ಮಾಡ್ಲಿ ಅಂತ ಕೇಳಿದೀಯ. ಮುಚ್ಕೊಂಡಿರು, ಯಾರಿಗೂ ಗೊತ್ತಾಗಲ್ಲ ಅಂತ ಬರೆದು ಎರಡು ಹಾಳೆ ಹರಿದೆ, ನಿಜ ಹೇಳ್ತೀನಿ. ನಿನ್ನನ್ನ ಇಳಿಸಿಬಿಟ್ರೆ ಅನ್ನೋ ಭಯ ಈಗಲೂ ಇದೆ. ಸಮುದ್ರದ ತಳ ಓಡಿಹೋಗಲ್ಲ ಅಂತ ಅವತ್ತು ಸುಲಭವಾಗಿ ಬರೆದೆನಲ್ಲ, ಅದು ನಿನಗೆ ಏನು ಅಂತ ನನಗೆ ಗೊತ್ತಿಲ್ವಾ? ಆರನೇ ವಯಸ್ಸಿಗೇ ಬಕೆಟ್ಟಿಗೆ ದಾರ ಬಿಟ್ಟು ಆಳ ಅಳೀತಿದ್ದವಳು ನೀನು.

ಆದರೆ ಮಗಳೇ, ಮುಚ್ಚಿಟ್ಟರೆ ಭಯ ಕಮ್ಮಿ ಆಗುತ್ತೆ ಅಂದ್ಕೊಂಡೇ ನಾನು ಮುಚ್ಚಿಟ್ಟದ್ದು. ಒಂದು ದಿನವೂ ಕಮ್ಮಿ ಆಗಲಿಲ್ಲ. ನನ್ನ ಹೆಸರು ಹೇಳೋದಾದ್ರೆ ಹೇಳು. ನನಗೆ ಇನ್ನು ಹೋಗೋದೇನೂ ಉಳಿದಿಲ್ಲ. ನಿನಗೆ ಉಳಿದಿದೆ, ಅದಕ್ಕೇ ನಾನು ಹೇಳು ಅಂತ ಒತ್ತಾಯ ಮಾಡಲ್ಲ.

ಅಮ್ಮ


ನಾಲ್ಕನೇ ಬಂದರು
24 ಏಪ್ರಿಲ್

ಅಮ್ಮಾ,

ಹೇಳಿದೆ. ಮೊದಲು ಗೊರಕೆ ರಾಣಿಗೆ, ಆಮೇಲೆ ಕ್ಯಾಪ್ಟನ್‌ಗೆ.

ಕ್ಯಾಪ್ಟನ್ ಪೂರ್ತಿ ಕೇಳಿದ್ರು. ಹರಿದು ಹಾಕು ಅಂದದ್ದೂ ಸೇರಿ ನಿನ್ನ ಮೊದಲ ಮೂರು ಕಾಗದ ತೋರಿಸಿದೆ, ಅರ್ಥವನ್ನೂ ಹೇಳಿದೆ. ‘ಬೇರೆಯವರಿಗೆ ಕೊಡು’ ಅನ್ನೋ ಸಾಲನ್ನೂ ಬಿಡಲಿಲ್ಲ, ಸಿಟ್ಟಾಗಬೇಡ. ಕಾಗದಗಳನ್ನ ಮಡಿಸಿ ಕೈಗೆ ಕೊಟ್ಟು, “ಹೋಗು, ಊಟ ತಣ್ಣಗಾಗುತ್ತೆ” ಅಂದ್ರು. ಇಳಿಸಲಿಲ್ಲ. ನಕ್ಷೆ ಕೋಣೆಯ ಆರು ಜನರಲ್ಲಿ ನನ್ನ ಹೆಸರಿಲ್ಲ. ಅದು ಇದಕ್ಕಲ್ಲ, ನಾನು ಹತ್ತಿದ್ದು ಹದಿನೇಳೇ ಸಲ. ಆರನೇ ಬಂದರಲ್ಲಿ ಇನ್ನೊಮ್ಮೆ ಆರಿಸ್ತಾರಂತೆ.

ಗೊರಕೆ ರಾಣಿ ಒಂದು ವಾರ ನನ್ನ ಹತ್ರ ಮಾತಾಡಲಿಲ್ಲ. ಹಾಸಿಗೆ ಬದಲಾಯಿಸ್ಕೊಂಡಳು. ಊಟಕ್ಕೆ ಕೂತ್ರೆ ಎದ್ದು ಹೋಗ್ತಿದ್ದಳು. ಅವಳ ತಪ್ಪಲ್ಲ.

ಮೊನ್ನೆ ಹೊಸ ಬೆಲ್ಟು ಬಂದವು. ಕ್ಯಾಪ್ಟನ್ ಹೊಸ ನಿಯಮ ಮಾಡಿದಾರೆ: ಹತ್ತೋ ಮುಂಚೆ ಪ್ರತಿಯೊಬ್ಬರ ಬೆಲ್ಟನ್ನೂ ಇನ್ನೊಬ್ಬರು ನೋಡಿ ‘ಸರಿಯಿದೆ’ ಅನ್ನಬೇಕು. ಯಾರು ನೋಡಬೇಕು ಅಂತ ಅವರವರೇ ಆರಿಸ್ಕೋಬೇಕು. ನಿನ್ನೆ ಬೆಳಗ್ಗೆ ಎಲ್ಲರೂ ಜೋಡಿ ಹುಡುಕ್ತಿದ್ರು. ನಾನು ಮೂಲೇಲಿ ಹಗ್ಗ ಸುತ್ತುತ್ತಾ ಕೂತಿದ್ದೆ. ಅವಳು ಬಂದು ಎದುರಿಗೆ ನಿಂತು, ಬೆಲ್ಟನ್ನ ನನ್ನ ತೊಡೆ ಮೇಲೆ ಎಸೆದಳು. “ನೀನು ನೋಡು. ಈ ಹಡಗಲ್ಲಿ ನಿನ್ನಷ್ಟು ಹೆದರಿಕೊಂಡು ನೋಡೋರು ಇನ್ಯಾರೂ ಇಲ್ಲ” ಅಂದಳು.

ಒಳಮಡಿಕೆ ಬಿಡಿಸಿ ಎಳೆ ಎಣಿಸಿದೆ. ಮೂರು. ಒಂದೊಂದು ಹೊಲಿಗೆ ಮೇಲೂ ಹೆಬ್ಬೆರಳು ಆಡಿಸಿದೆ, ಮತ್ತೆ ಮೊದಲಿಂದ ಆಡಿಸಿದೆ. ಕೊಕ್ಕೆ ಎಳೆದೆ. ಎಲ್ಲ ಸರಿಯಿತ್ತು. ಆದರೂ ‘ಸರಿಯಿದೆ’ ಅನ್ನೋ ಮಾತು ಬಾಯಿಂದ ಹೊರಡಲೇ ಇಲ್ಲ ಅಮ್ಮಾ. ಅವಳು ಕಾಯ್ತಾ ನಿಂತಳು. ಕೊನೆಗೂ ಅಂದೆ.

ಅವಳು ಹತ್ತಿದಳು, ನಾನು ಕೆಳಗೆ ನಿಂತೆ. ಏಳು ಮಹಡಿ. ಹದಿನೇಳು ಸಲ ನಾನು ಹತ್ತಿದಾಗಲೂ ಇಷ್ಟು ಹೆದರಿರಲಿಲ್ಲ.

ನಿನ್ನ ಕೋತಿಮರಿ